ಮಾಳಿಗೆಯ ಹಸಿರುಮನೆಗೆ ಎಂಥ ಹೊದಿಕೆ?

ದಾವಣಗೆರೆಯ ಕುಂದುವಾಡ ಕೆರೆಯ ಹತ್ತಿರ ಒಂದು ದೊಡ್ಡ ಗಾಜಿನ ಮನೆ ಇದೆ. ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಊರಿಗೆ ಊರೇ ಅಲ್ಲಿ ನೆರೆಯುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯ ವಂಶಕ್ಕೆ ಸೇರಿದ್ದು ಇದು. ಲಾಲ್‌ಬಾಗಿನ ಆ ಕಟ್ಟಡಕ್ಕೆ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಿಂದ, ಮಾದರಿ ಸಿಕ್ಕಿದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಿಂದ. ಹೀಗಾಗಿ ಹಸಿರುಮನೆ ಎಂದೊಡನೆ ಮನಸ್ಸಿಗೆ ಮೊದಲು ಬರುವುದು ಗಾಜು.

ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮಾಳಿಗೆಯ ಮೇಲೆ ಹತ್ತಡಿ ಉದ್ದ, ಆರೂವರೆ ಅಡಿ ಅಗಲದ ಪುಟ್ಟ ಹಸಿರುಮನೆ ಕಟ್ಟಬೇಕೆಂದು ಯಾರೋ ಹೊರಟಿದ್ದಾರೆ ಎಂದುಕೊಳ್ಳೋಣ. ನಾಲ್ಕು ಟೊಮೆಟೊ, ಎರಡು ದೊಣ್ಣೆ ಮೆಣಸು, ಒಂದಿಷ್ಟು ಮೆಂತ್ಯ, ಕೊತ್ತಂಬರಿ ಬೆಳೆಯುವ ಆಸೆ ಅವರದು. ಅಂಥವರಿಗೆ ಗಾಜು ಆಗಿಬರುವುದಿಲ್ಲ. 4 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ. ಆರು ಚದರ ಮೀಟರಿನ ಚಾವಣಿಗೇ 60 ಕೆ.ಜಿ. ಆಯಿತು, ಅದನ್ನು ಹೊರುವ ಚೌಕಟ್ಟಿನ ಖರ್ಚು ಬೇರೆ. ಮಂಗ ಹಾರಿದರೋ ಆಲಿಕಲ್ಲು ಬಿದ್ದರೋ ಚೂರುಗಳು ಕೆಳಗಿನ ರಸ್ತೆಗೆ. ಹಳೆ ಮನೆ ಕೆಡವಿದ ಜಾಗದಲ್ಲಿ ಕಿಟಕಿ ಗಾಜು ಅಗ್ಗಕ್ಕೆ ಸಿಕ್ಕಿದರೂ ಮಾಳಿಗೆಯ ಚಾವಣಿಗೆ ಅದನ್ನು ಏರಿಸದಿರುವುದೇ ಕ್ಷೇಮ.

ಅಗ್ಗದ ಬದಲಿಗಳಿಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ಹಾಳೆ, ಹಸಿರು ಶೇಡ್ ನೆಟ್, ಸೊಳ್ಳೆ ಪರದೆ, ಗೊಬ್ಬರದ ಚೀಲ, ಹಳೆ ಸೀರೆ, ಫ್ಲೆಕ್ಸ್, ತಾಡಪಾಲು, ಫೈಬರ್ ಶೀಟು, ಅಡಿಕೆ ಸೋಗೆ ಎಲ್ಲವೂ ಊರಲ್ಲಿ ಸಿಗುತ್ತವೆ. ಯಾವುದು ಅಗ್ಗ ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕು: ಈ ಊರಲ್ಲಿ ಗಿಡಕ್ಕೆ ಹೊದಿಕೆ ಯಾತಕ್ಕೆ ಬೇಕು? ಅದು ಗೊತ್ತಾಗದೆ ಕೊಂಡದ್ದು ಎಷ್ಟೇ ಅಗ್ಗವಾಗಿದ್ದರೂ ದಂಡವೇ.

ಯುರೋಪಿನಲ್ಲಿ ಹಸಿರುಮನೆ ಹುಟ್ಟಿದ್ದು ಚಳಿಯನ್ನು ದೂರವಿಡಲು. ಲಡಾಖಿನ ಲೇಹ್‌ನಲ್ಲಿ ಇಂದಿಗೂ ಅದೇ ಕಾರಣ. ಅಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ನೆಲದಲ್ಲಿ ತಗ್ಗು ತೋಡಿ ಮೇಲೆ ಪ್ಲಾಸ್ಟಿಕ್ ಮುಚ್ಚಿ ಸೊಪ್ಪು ಬೆಳೆಯುತ್ತಾರೆ, ದಪ್ಪ ಮಣ್ಣಿನ ಗೋಡೆಗಳಲ್ಲಿ ಹಗಲಿನ ಶಾಖ ಕೂಡಿಡುತ್ತಾರೆ. ದಾವಣಗೆರೆಯ ಪಾಡು ಅದಲ್ಲ. ಇಲ್ಲಿ ರಾತ್ರಿಯ ತಾಪ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ಏಪ್ರಿಲ್ ಮಧ್ಯಾಹ್ನ 38 ಮುಟ್ಟುವುದು ಮಾಮೂಲು. ಊರು ಇರುವುದು 14.46 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಡಿಸೆಂಬರಿನ ಅತಿ ಚಿಕ್ಕ ಹಗಲಿನಲ್ಲೂ ನಡುಮಧ್ಯಾಹ್ನ ಅವನು ದಿಗಂತದಿಂದ 52 ಡಿಗ್ರಿ ಮೇಲಿರುತ್ತಾನೆ. ಇಲ್ಲಿನ ಗಿಡಕ್ಕೆ ಶಾಖದ ಬರ ಎಂದೂ ಇಲ್ಲ. ಅದನ್ನು ಕಾಡುವುದು ಬೇಸಿಗೆಯ ಉರಿಬಿಸಿಲು, ಮುಂಗಾರಿನ ಹೊಡೆತ, ಬಿಳಿನೊಣ ಮತ್ತು ಆಷಾಢದ ಗಾಳಿ. ಹೊದಿಕೆ ತಡೆಯಬೇಕಾದದ್ದು ಇವನ್ನು. ಬಿಸಿಗಾಳಿಯನ್ನಂತೂ ಅದು ಧಾರಾಳವಾಗಿ ಹೊರಗೆ ಬಿಡಬೇಕು.

ಹಸಿರುಮನೆ ಒಳಗೇಕೆ ಬಿಸಿಯಾಗುತ್ತದೆ ಎಂಬ ಪ್ರಶ್ನೆಗೆ ಶಾಲೆಯ ಪುಸ್ತಕಗಳಲ್ಲಿ ಸಿಗುತ್ತಿದ್ದ ಉತ್ತರ ಇದು: ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ನೆಲ ಕಾದು ಹೊಮ್ಮಿಸುವ ಅವಕೆಂಪು ಕಿರಣಗಳನ್ನು ಹೊರಗೆ ಬಿಡುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಒಳಗೆ ಕಪ್ಪು ಬಳಿದ ಎರಡು ರಟ್ಟಿನ ಪೆಟ್ಟಿಗೆಗಳು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ತಡೆಯಿಲ್ಲದೆ ಸಾಗಿಸುವ ಕಲ್ಲುಪ್ಪಿನ ಫಲಕ. ಎರಡರ ಮೇಲೂ ಬೀಳುವ ಬಿಸಿಲು ಮೊದಲೇ ಒಂದು ಗಾಜಿನ ಮೂಲಕ ಹಾದು ಬರುವಂತೆ ಮಾಡಿ ಬಿಸಿಲಿಗೆ ಇಟ್ಟರು. ಎರಡೂ ಪೆಟ್ಟಿಗೆಗಳು ಸುಮಾರು 55 ಡಿಗ್ರಿಗೆ ಏರಿದವು. ನಡುವೆ ಒಂದು ಡಿಗ್ರಿಯಷ್ಟೂ ಅಂತರ ಉಳಿಯಲಿಲ್ಲ. ಪೆಟ್ಟಿಗೆ ಕಾದದ್ದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಮೇಲೆದ್ದು ಹೋಗಲು ದಾರಿ ಇಲ್ಲದ್ದರಿಂದ. ಪಾಲಿಥೀನ್ ಕೂಡ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೊರಗೆ ಬಿಟ್ಟುಕೊಡುವ ವಸ್ತು. ಹೀಗಿದ್ದೂ ಪಾಲಿಥೀನ್ ಗೂಡಾರ ಹಗಲಲ್ಲಿ ಕುಲುಮೆಯಾಗುತ್ತದೆ.

ಕೆ.ಬಿ. ಬಡಾವಣೆಯ ಮಾಳಿಗೆಗೇ ಈ ಲೆಕ್ಕ ಹಾಕಬಹುದು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೂಡಿನೊಳಗೆ 12 ಘನ ಮೀಟರ್ ಗಾಳಿ ಇರುತ್ತದೆ. ಅದರ ತೂಕ ಸುಮಾರು 13 ಕೆ.ಜಿ. ಅಷ್ಟು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 13 ಕಿಲೋಜೂಲ್ ಸಾಕು. ಬೇಸಿಗೆಯ ನಡುಹಗಲಿನಲ್ಲಿ ಆರು ಚದರ ಮೀಟರ್ ಚಾವಣಿಯ ಮೂಲಕ ಒಳಗಿಳಿಯುವ ಬಿಸಿಲಿನ ಶಕ್ತಿ ನಾಲ್ಕೂವರೆ ಕಿಲೋವಾಟ್, ಅಂದರೆ ಎರಡು ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟು. ಅದರಲ್ಲಿ ಅರ್ಧವನ್ನು ನೆಲ, ಮಣ್ಣು, ಎಲೆಗಳು ನುಂಗಿಕೊಂಡವು ಎಂದರೂ ಉಳಿದರ್ಧ ಗಾಳಿಯನ್ನು ನಿಮಿಷಕ್ಕೆ ಹತ್ತು ಡಿಗ್ರಿಯ ವೇಗದಲ್ಲಿ ಕಾಯಿಸಬಲ್ಲದು. ತಂಪು ಗಾಳಿ ಒಳಬಂದು ಬಿಸಿಗಾಳಿ ಹೊರಹೋಗುವುದು ನಿಮಿಷಕ್ಕೊಮ್ಮೆಯಾದರೂ ನಡೆಯಬೇಕು ಎಂದು ಹಸಿರುಮನೆ ಕಟ್ಟುವವರು ಹೇಳುವುದು ಇದಕ್ಕೇ. ತಾಪ 35 ಡಿಗ್ರಿ ದಾಟಿತೆಂದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂವು ಕಾಯಿ ಕಟ್ಟದೆ ಉದುರುತ್ತದೆ. ನಾಲ್ಕೂ ಕಡೆ ಪ್ಲಾಸ್ಟಿಕ್ ಬಿಗಿದು ಬಾಗಿಲು ಮುಚ್ಚಿದ ಮನೆ ದಾವಣಗೆರೆಯ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಗಿಡಗಳನ್ನು ಬೇಯಿಸಿಬಿಡುತ್ತದೆ.

ಇಡೀ ಮನೆಗೆ ಒಂದೇ ವಸ್ತು ಹೊದಿಸುವ ಯೋಚನೆಯನ್ನು ಇಲ್ಲಿಗೇ ಬಿಡಬೇಕು. ಚಾವಣಿಯ ಕೆಲಸ ಬೇರೆ, ಪಕ್ಕಗಳ ಕೆಲಸ ಬೇರೆ. ಚಾವಣಿ ಮಳೆ ತಡೆದು ಬೆಳಕು ಬಿಡಬೇಕು. ಪಕ್ಕಗಳು ಕೀಟ ತಡೆದು ಗಾಳಿ ಬಿಡಬೇಕು. ಬೇಸಿಗೆಗೆ ಮಾತ್ರ ಮೇಲೊಂದು ತೆಗೆದುಹಾಕಬಲ್ಲ ನೆರಳು. ಹೀಗೆ ಕೆಲಸ ಹಂಚಿದರೆ ದುಬಾರಿ ವಸ್ತು ಬೇಕಾಗುವುದು ಚಾವಣಿಗೆ ಮಾತ್ರ, ಅದೂ ಇಳಿಜಾರು, ಅಂಚಿನ ಸುತ್ತು ಸೇರಿ ಎಂಟು ಚದರ ಮೀಟರಿನಷ್ಟು.

ಆ ಚಾವಣಿಗೆ ಪಾಲಿಥೀನ್ ಹಾಳೆಯನ್ನು ಮೀರಿಸುವ ಅಗ್ಗದ ವಸ್ತು ಇನ್ನೂ ಬಂದಿಲ್ಲ. ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ 1933ರ ಮಾರ್ಚಿನಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ಅದು ರೇಡಾರ್ ಕೇಬಲ್ಲುಗಳ ಹೊದಿಕೆಯಾಯಿತು. ಗಿಡಕ್ಕೆ ಪ್ಲಾಸ್ಟಿಕ್ ಹೊದಿಸುವ ಯೋಚನೆ ಬಂದದ್ದು ಯುದ್ಧ ಮುಗಿದ ಮೇಲೆ. ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮರ್ಟ್ 1948ರಲ್ಲಿ ದುಬಾರಿ ಗಾಜಿನ ಬದಲು ಮರದ ಚೌಕಟ್ಟಿಗೆ ಸೆಲ್ಲೋಫೇನ್ ಬಿಗಿದು ಹಸಿರುಮನೆ ಮಾಡಿದರು. ಮುಂದೆ ಪಾಲಿಥೀನ್ ಆ ಜಾಗಕ್ಕೆ ಬಂತು. ಇಂದು ಪಾಲಿಹೌಸ್ ಎಂದು ಕರೆಯುವ ಎಲ್ಲದರ ಮೂಲವೂ ಹೀಗೆ ಹಣ ಉಳಿಸುವ ಪ್ರಯತ್ನದಲ್ಲಿಯೇ ಇದೆ.

ಪಾಲಿಥೀನಿನ ದೊಡ್ಡ ಶತ್ರು ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಅಂಗಡಿಯಲ್ಲಿ ಸಾಮಾನು ಮುಚ್ಚಲು ಬಳಸುವ ಸಾದಾ ಹಾಳೆಯನ್ನು ಜನವರಿಯಲ್ಲಿ ಮಾಳಿಗೆಯ ಮೇಲೆ ಬಿಗಿದರೆ ಮಳೆಗಾಲ ಕಾಲಿಡುವ ಹೊತ್ತಿಗೆ ಅದು ಮಬ್ಬಾಗಿ, ಗರಿಗರಿಯಾಗಿ, ಕೈ ಸೋಕಿದಲ್ಲಿ ಹರಿಯತೊಡಗುತ್ತದೆ. ಕಿರಣ ತಗುಲಿದ ಕಡೆ ಇಂಗಾಲದ ಉದ್ದ ಸರಪಳಿಗಳು ತುಂಡಾಗುತ್ತವೆ, ಆಮ್ಲಜನಕ ಆ ತುಂಡುಗಳಿಗೆ ಅಂಟಿಕೊಂಡು ಇನ್ನಷ್ಟು ಸರಪಳಿಗಳನ್ನು ಕಡಿಯುತ್ತದೆ. ಹಸಿರುಮನೆಗೆಂದೇ ತಯಾರಾಗುವ ಹಾಳೆಯಲ್ಲಿ ಈ ಕಡಿತವನ್ನು ತಡೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ‘ಯುವಿ ಶೀಟ್’ ಎಂದು ಅಂಗಡಿಯವರು ಕರೆಯುವುದು ಅದನ್ನೇ. 200 ಮೈಕ್ರಾನ್ ದಪ್ಪದ, ಅಂದರೆ ಹಳೆಯ ಅಳತೆಯಲ್ಲಿ 800 ಗೇಜಿನ ಒಳ್ಳೆಯ ಯುವಿ ಹಾಳೆ ಮೂರು ವರ್ಷ ಬಾಳುತ್ತದೆ.

ಬೆಲೆಯ ಲೆಕ್ಕವನ್ನು ವರ್ಷದ ಮೇಲೆ ಹಾಕಿದರೆ ನಿಜ ಗೊತ್ತಾಗುತ್ತದೆ. 50 ಮೈಕ್ರಾನಿನ ಸಾದಾ ಹಾಳೆ ಚದರ ಮೀಟರಿಗೆ 46 ಗ್ರಾಂ ತೂಗುತ್ತದೆ, 200 ಮೈಕ್ರಾನಿನದು 184 ಗ್ರಾಂ. ತೂಕ ನಾಲ್ಕು ಪಟ್ಟು. ಯುವಿ ಹಾಳೆಗೆ ಕೆ.ಜಿ.ಗೆ ಒಂದೂವರೆ ಪಟ್ಟು ಬೆಲೆ ಎಂದು ಇಟ್ಟುಕೊಂಡರೆ ಚದರ ಮೀಟರಿಗೆ ಆರು ಪಟ್ಟು ಹಣ ಬೀಳುತ್ತದೆ. ಕೇಳಿದೊಡನೆ ಗಾಬರಿಯಾಗುವ ಅಂಕಿ ಇದು. ಆದರೆ ಸಾದಾ ಹಾಳೆಯನ್ನು ಆರು ತಿಂಗಳಿಗೊಮ್ಮೆ ಬದಲಿಸಿದರೆ ಮೂರು ವರ್ಷಕ್ಕೆ ಬೇಕಾಗುವುದೂ ಆರೇ ಹಾಳೆ. ಹಣ ಸರಿಸಮ. ಉಳಿದದ್ದೆಲ್ಲ ಯುವಿ ಹಾಳೆಯ ಕಡೆಗೇ ವಾಲುತ್ತದೆ: ಐದು ಸಲ ಬಿಚ್ಚಿ ಕಟ್ಟುವ ಶ್ರಮ ಉಳಿಯುತ್ತದೆ, ಮಳೆಯ ನಡುವೆ ಚಾವಣಿ ಹರಿಯುವ ಆತಂಕ ಇಲ್ಲ, ಪುಡಿಪುಡಿಯಾದ ಪ್ಲಾಸ್ಟಿಕ್ ಸೊಪ್ಪಿನ ಮಡಿಗೆ ಬೀಳುವುದಿಲ್ಲ. ಕೊನೆಯದು ಚಿಕ್ಕ ಸಂಗತಿಯಲ್ಲ. ಮಣ್ಣಿಗೆ ಬೆರೆತ ಆ ಚೂರುಗಳನ್ನು ಯಾರೂ ಹೆಕ್ಕಿ ತೆಗೆಯಲಾರರು.

ಕೊಳ್ಳುವಾಗ ಮೋಸಹೋಗದಿರಲು ಮನೆಯ ತಕ್ಕಡಿಯೇ ಸಾಕು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡು 184 ಗ್ರಾಂ ಆಸುಪಾಸು ತೂಗಿದರೆ 200 ಮೈಕ್ರಾನ್ ಹೌದು. 140 ಗ್ರಾಂ ಬಂದರೆ ಅದು 150 ಮೈಕ್ರಾನಿನದು. ಚಿಕ್ಕ ಚೂರನ್ನು ನೀರಿಗೆ ಹಾಕಿ ಮುಳುಗಿಸಿ ಬಿಟ್ಟರೆ ಪಾಲಿಥೀನ್ ಮೇಲೆ ತೇಲಿಬರುತ್ತದೆ, ಪಿವಿಸಿ ತಳ ಸೇರುತ್ತದೆ. ಯುವಿ ರಕ್ಷಣೆ ಇದೆಯೋ ಇಲ್ಲವೋ ಎನ್ನುವುದು ಮಾತ್ರ ಕಣ್ಣಿಗೆ, ಕೈಗೆ ಸಿಗುವುದಿಲ್ಲ. ಅಂಚಿನಲ್ಲಿ ಕಂಪನಿಯ ಹೆಸರು, ದಪ್ಪ, ಬಾಳಿಕೆ ಮುದ್ರಿಸಿರುವ ಹಾಳೆಯನ್ನೇ ಕೇಳಿ, ಬಿಲ್ಲಿನಲ್ಲೂ ಅದನ್ನು ಬರೆಸಿಕೊಳ್ಳಬೇಕು. ಎಂಟು ಚದರ ಮೀಟರಿಗೆ ಬೇಕಾಗುವುದು ಒಂದೂವರೆ ಕೆ.ಜಿ. ಹಾಳೆ. ಪಾಲಿಹೌಸ್ ಕಟ್ಟುವವರ ಬಳಿ ಉರುಳೆಯ ಕೊನೆಯಲ್ಲಿ ಇಷ್ಟು ತುಂಡು ಉಳಿದಿರುವುದುಂಟು. ಕೇಳಿದರೆ ಕಡಿಮೆಗೆ ಸಿಗಬಹುದು.

ಪೂರ್ತಿ ಪಾರದರ್ಶಕ ಹಾಳೆ ಬೇಕೋ, ಹಾಲಿನ ಬಣ್ಣದ್ದು ಬೇಕೋ? ಕನ್ನಡಿಯಂತೆ ಹೊಳೆಯುವ ಹಾಳೆ ನೋಡಲು ಚೆಂದ. ಆದರೆ ನೆತ್ತಿಯ ಸೂರ್ಯ ಅದರ ಮೂಲಕ ನೇರ ಇಳಿದು ಮೇಲಿನ ಎಲೆಗಳನ್ನು ಸುಟ್ಟು, ಕೆಳಗಿನ ಎಲೆಗಳನ್ನು ನೆರಳಲ್ಲಿ ಬಿಡುತ್ತಾನೆ. ಮಬ್ಬು ಹಾಳೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಹೆಚ್ಚು ಎಲೆಗಳಿಗೆ ಪಾಲು ಸಿಗುತ್ತದೆ. ನಮ್ಮ ಸೀಮೆಗೆ ಮಬ್ಬು ಹಾಳೆಯೇ ಮೇಲು.

ಇನ್ನು ನೆರಳು. ಹಸಿರು ಶೇಡ್ ನೆಟ್ ಎಷ್ಟು ರೂಢಿಯಾಗಿದೆಯೆಂದರೆ ಗಿಡಕ್ಕೆ ಬೇರೆ ಬಣ್ಣದ ಬಲೆ ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಮನೆ ಮುಂದಿನ ಚಪ್ಪರಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಅದು ಸರಿ. ಗಿಡದ ದೃಷ್ಟಿಯಿಂದ ಹಸಿರು ಅಷ್ಟೇನೂ ಒಳ್ಳೆಯ ಆಯ್ಕೆಯಲ್ಲ. ದ್ಯುತಿಸಂಶ್ಲೇಷಣೆಗೆ ಎಲೆ ಹೆಚ್ಚಾಗಿ ಬಳಸುವುದು ಕೆಂಪು ಮತ್ತು ನೀಲಿ ಬೆಳಕನ್ನು. ಹಸಿರು ಬಲೆಯ ಎಳೆಗಳು ಹೀರಿಕೊಳ್ಳುವುದೂ ಅವನ್ನೇ. ಬಿಳಿ ಬಲೆ ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿ, ಬೆಳಕನ್ನು ಚದುರಿಸಿಯೂ ಕೊಡುತ್ತದೆ. ಕಪ್ಪು ಬಲೆ ಬಣ್ಣಗಳ ಅನುಪಾತ ಕೆಡಿಸುವುದಿಲ್ಲ, ತಾನು ಮಾತ್ರ ಕಾಯುತ್ತದೆ. ಚಾವಣಿಗಿಂತ ಒಂದಡಿ ಮೇಲೆ, ಹೊರಗೆ ಕಟ್ಟಿದರೆ ಆ ಶಾಖವನ್ನು ಗಾಳಿ ಒಯ್ಯುತ್ತದೆ. ಯಾವ ಬಣ್ಣದ್ದೇ ಆಗಲಿ, ಬಲೆಯನ್ನು ಪ್ಲಾಸ್ಟಿಕ್ಕಿನ ಒಳಗೆ ಕಟ್ಟುವುದು ತಪ್ಪು. ಒಳಗೆ ಬಂದುಬಿಟ್ಟ ಬಿಸಿಲನ್ನು ಅಲ್ಲಿ ತಡೆದರೆ ಶಾಖವೂ ಅಲ್ಲಿಯೇ ಉಳಿಯುತ್ತದೆ.

ಎಷ್ಟು ಬೆಳಕು ತಡೆಯುತ್ತದೆ ಎಂದು ಬಲೆಯ ಮೇಲೆ ಬರೆದ ಶೇಕಡಾ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಕೃಷಿಗೆ ಬಳಸುವ ಶೇಡ್ ನೆಟ್ಟಿಗೆ ಐಎಸ್ 16008 ಎಂಬ ಭಾರತೀಯ ಮಾನಕವಿದೆ. ಆ ಗುರುತು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಬಯಲಲ್ಲಿ ಒಮ್ಮೆ, ಬಲೆಯ ಕೆಳಗೆ ಒಮ್ಮೆ ಓದಿಕೊಂಡರೆ ಆಯಿತು. ಮೊಬೈಲಿನ ಅಂಕಿ ನಿಖರವಲ್ಲದಿದ್ದರೂ ಎರಡರ ಅನುಪಾತ ನಂಬುವಂಥದ್ದು. ಬಯಲಲ್ಲಿ 80,000, ಕೆಳಗೆ 40,000 ಬಂದರೆ ಅದು 50ರ ಬಲೆ.

50ರ ಬಲೆಯನ್ನು ವರ್ಷವಿಡೀ ಕಟ್ಟಿಡುವುದು ಬಹಳ ಮನೆಗಳಲ್ಲಿ ಕಾಣುವ ಅಭ್ಯಾಸ. ಏಪ್ರಿಲ್‌ನಲ್ಲಿ ಈ ಭಾಗದ ಚದರ ಮೀಟರ್ ನೆಲಕ್ಕೆ ದಿನಕ್ಕೆ ಬೀಳುವ ಬಿಸಿಲನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳಿದರೆ ಆರು ಯೂನಿಟ್ಟಿಗೂ ಹೆಚ್ಚು. ಅರ್ಧ ತಡೆದರೂ ಸೊಪ್ಪಿಗೆ ಸಾಲುತ್ತದೆ. ಜುಲೈಯಲ್ಲಿ ಮೋಡ ಕವಿದು ಅದು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಅದರಲ್ಲೂ ಅರ್ಧ ಕಿತ್ತುಕೊಂಡರೆ ಟೊಮೆಟೊ ಗಿಡ ಬೆಳಕು ಹುಡುಕುತ್ತ ತೆಳ್ಳಗೆ ಎತ್ತರಕ್ಕೆ ಓಡುತ್ತದೆ, ಹೂ ಬಿಡುವುದಿಲ್ಲ. ಬಲೆಯನ್ನು ಪರದೆಯ ಹಾಗೆ ಸರಿಸಲು ಬರುವಂತೆ ಕಟ್ಟುವುದಕ್ಕೆ ಖರ್ಚು ನಾಲ್ಕು ಬಳೆ, ಒಂದು ತಂತಿ. ಮೃಗಶಿರಾ ಮಳೆ ಹಿಡಿಯಿತೆಂದರೆ ಬಲೆ ಮಡಿಚಿಡಬೇಕು.

ಬಲೆಗೂ ಹಣ ಬೇಡವೆನ್ನುವವರಿಗೆ ಹಳೆ ಸೀರೆ ಇದೆ. ಕಾಡುಹಂದಿ ಬಾರದಿರಲೆಂದು ಹೊಲದ ಸುತ್ತ ಸೀರೆ ಕಟ್ಟುವುದನ್ನು ಕರ್ನಾಟಕದ ಯಾವ ರಸ್ತೆಯಲ್ಲಿ ಹೋದರೂ ನೋಡಬಹುದು. ಐದೂವರೆ ಮೀಟರ್ ಉದ್ದದ ಸೀರೆಯ ವಿಸ್ತೀರ್ಣ ಆರು ಚದರ ಮೀಟರ್. ಹತ್ತಡಿ ಆರೂವರೆ ಅಡಿಯ ಚಾವಣಿಗೆ ಒಂದೇ ಸೀರೆ ಸಾಕು. ತೆಳು ಬಣ್ಣದ, ತೆಳು ನೇಯ್ಗೆಯ ಪಾಲಿಯೆಸ್ಟರ್ ಸೀರೆಯಾದರೆ ಬೆಳಕೂ ಚದುರುತ್ತದೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರಾದರೂ ಈ ಕೆಲಸಕ್ಕೆ ಹತ್ತಿ ಸೀರೆ ಬೇಡ: ಒದ್ದೆಯಾದರೆ ಭಾರವಾಗಿ ಜೋಲುತ್ತದೆ, ಬೂಷ್ಟು ಹಿಡಿದು ಬೇಗ ಲಡ್ಡಾಗುತ್ತದೆ. ಚನ್ನಗಿರಿ ಕಡೆಯಿಂದ ಅಡಿಕೆ ಸೋಗೆ ತರಿಸಬಲ್ಲವರು ಅದನ್ನೇ ಹೊದಿಸಬಹುದು. ಅಡಿಕೆ ಸಸಿಗಳನ್ನು ಬಿಸಿಲಿನಿಂದ ಕಾಯಲು ತಲೆಮಾರುಗಳಿಂದ ಬಳಸಿದ ನೆರಳು ಅದು. ಬೇಸಿಗೆಯಲ್ಲಿ ದಟ್ಟ ನೆರಳು ಕೊಟ್ಟು ಮಳೆಗಾಲಕ್ಕೆ ಗೊಬ್ಬರದ ಗುಂಡಿ ಸೇರುತ್ತದೆ.

ಸ್ಪೇನ್ ದೇಶದ ಅಲ್ಮೇರಿಯಾ ಪ್ರಾಂತ್ಯದ ರೈತರು ಇದಕ್ಕಿಂತಲೂ ಸರಳ ದಾರಿ ಹಿಡಿದಿದ್ದಾರೆ. ಹತ್ತಾರು ಸಾವಿರ ಹೆಕ್ಟೇರ್ ಪ್ಲಾಸ್ಟಿಕ್ ಹೊದ್ದ ಆ ಸೀಮೆಯಲ್ಲಿ ಬೇಸಿಗೆ ಬಂದೊಡನೆ ಚಾವಣಿಗಳಿಗೆ ಚಾಕ್ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿದ ನೀರು ಸಿಂಪಡಿಸುತ್ತಾರೆ. ಬಿಳಿ ಚಾವಣಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. 1983ರಿಂದ 2006ರವರೆಗೆ ಸುತ್ತಲ ಪ್ರದೇಶ ಬಿಸಿಯಾಗುತ್ತಿದ್ದಾಗ ಅಲ್ಲಿಯ ಹಸಿರುಮನೆಗಳ ಬಯಲು ಮಾತ್ರ ದಶಕಕ್ಕೆ 0.3 ಡಿಗ್ರಿಯಂತೆ ತಣ್ಣಗಾಗುತ್ತಿತ್ತು ಎಂದು ವಿಜ್ಞಾನಿಗಳು ಅಳೆದಿದ್ದಾರೆ. ದಾವಣಗೆರೆಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಯುಗಾದಿಯ ಹೊತ್ತಿಗೆ ಚಾಕ್ ನೀರು ಬಳಿದರೆ ಬೇಸಿಗೆಯಿಡೀ ನೆರಳು. ಬೆಳಕು ಬೇಕಾಗುವ ಕಾಲಕ್ಕೆ ಮುಂಗಾರು ತಾನೇ ಅದನ್ನು ತೊಳೆದುಕೊಂಡು ಹೋಗುತ್ತದೆ. ಗೋಡೆಗೆ ಬಳಿಯುವ ಅಂಟು ಬೆರೆತ ಸುಣ್ಣ ಬಳಸಿದರೆ ಅದು ಕರಗದೆ ಉಳಿಯುತ್ತದೆ. ಬರಿಯ ಚಾಕ್ ಸಾಕು.

ಪಕ್ಕಗಳಿಗೆ ಬರೋಣ. ಇಲ್ಲಿ ಎದುರಾಳಿ ಬಿಳಿನೊಣ. ಒಂದು ಮಿಲಿಮೀಟರ್ ಉದ್ದದ ಈ ಹುಳು ಟೊಮೆಟೊಗೆ ಎಲೆ ಮುಟುರು ರೋಗದ ವೈರಸ್ ತರುತ್ತದೆ. ಬೆಂಗಳೂರಿನ ಹೆಸರನ್ನೇ ಹೊತ್ತ ಒಂದು ವೈರಸ್ ತಳಿಯೂ ಇದೆ. ಸಸಿ ಎಳೆಯದಾಗಿದ್ದಾಗ ಸೋಂಕು ತಗುಲಿದರೆ ಫಸಲಿನ ಆಸೆ ಬಿಡಬೇಕು. ಸೊಳ್ಳೆ ಪರದೆ ಕಟ್ಟಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಲದು. ಒಳ್ಳೆಯ ಸೊಳ್ಳೆ ಪರದೆಯಲ್ಲಿ ಚದರ ಅಂಗುಲಕ್ಕೆ 156 ತೂತುಗಳಿರುತ್ತವೆ. ಬಿಳಿನೊಣ ತಡೆಯಲು ಬಳಸುವ 40 ಮೆಶ್ ಬಲೆಯಲ್ಲಿ ಅಂಗುಲಕ್ಕೆ ಅಡ್ಡ 40, ಉದ್ದ 40, ಒಟ್ಟು 1,600. ಸೊಳ್ಳೆ ಪರದೆ ಪಾತರಗಿತ್ತಿ, ಕಾಯಿಕೊರಕದ ಪತಂಗ, ಹಕ್ಕಿಗಳನ್ನು ತಡೆಯಬಲ್ಲದು; ಬಿಳಿನೊಣಕ್ಕೆ ಅದು ತೆರೆದ ಬಾಗಿಲು. ಸೊಪ್ಪು ಮಾತ್ರ ಬೆಳೆಯುವವರು ಹಳೆ ಸೊಳ್ಳೆ ಪರದೆಯಲ್ಲೇ ಸಂಸಾರ ನಡೆಸಬಹುದು. ಟೊಮೆಟೊ, ಮೆಣಸಿನ ಗಿಡ ಇಡುವವರು ಹಣ ಹಾಕಬೇಕಾದ ಎರಡನೆಯ ಜಾಗ ಇದು.

ತೂತು ಸಣ್ಣದಾದಂತೆ ಗಾಳಿಗೂ ತಡೆಯಾಗುತ್ತದೆ. ಅದಕ್ಕೇ 40 ಮೆಶ್ ಬಲೆಯನ್ನು ಒಂದು ಕಿಟಕಿಯಷ್ಟು ಜಾಗಕ್ಕೆ ಹಾಕಿದರೆ ಪ್ರಯೋಜನವಿಲ್ಲ. ನಾಲ್ಕೂ ಪಕ್ಕ ಪೂರ್ತಿ ಬಲೆಯೇ ಇರಬೇಕು. ಬಲೆಗೆ ಧೂಳು ಕೂತರೆ ಗಾಳಿ ಇನ್ನೂ ಕುಗ್ಗುತ್ತದೆ. ತಿಂಗಳಿಗೊಮ್ಮೆ ಪೈಪಿನಲ್ಲಿ ನೀರು ಹೊಡೆದು ತೊಳೆಯುವುದು ವಾಡಿಕೆಯಾಗಬೇಕು.

ಬಲೆಮನೆಯ ವಿದ್ಯೆ ನೋಡಬೇಕೆಂದರೆ ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋದರಾಯಿತು. ಹೈಬ್ರಿಡ್ ತರಕಾರಿ ಬೀಜ ತಯಾರಿಕೆಗೆ ಹೆಸರಾದ ಸೀಮೆ ಅದು. ಟೊಮೆಟೊ, ಮೆಣಸಿನಕಾಯಿ ಬೀಜದ ಬೆಳೆ ಅಲ್ಲಿ ಬಲೆಮನೆಗಳಲ್ಲಿ ನಿಂತಿರುತ್ತದೆ. ಹೆಣ್ಣುಮಕ್ಕಳು ಹೂವಿನ ಕೇಸರ ಬಿಡಿಸಿ, ಗಂಡುಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸುತ್ತಾರೆ. ಹೊರಗಿನ ಕೀಟ ಬೇಡದ ಪರಾಗವನ್ನಾಗಲಿ ವೈರಸ್ಸನ್ನಾಗಲಿ ತರದಂತೆ ಬಲೆ ಕಾಯುತ್ತದೆ. ಮಾಳಿಗೆಯವರೂ ಅಲ್ಲಿಂದ ಕಲಿಯಬಹುದಾದದ್ದು ಇದೆ: ಕೀಟ ಬಾರದ ಮನೆಗೆ ಜೇನೂ ಬಾರದು. ಟೊಮೆಟೊ ಹೂಗೊಂಚಲನ್ನು ಬೆಳಗ್ಗೆ ಬೆರಳಿನಿಂದ ತಟ್ಟಿದರೆ ಸಾಕು, ಅದರ ಪರಾಗ ಅದಕ್ಕೇ ಬೀಳುತ್ತದೆ. ಸೌತೆ, ಹೀರೆಯಾದರೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಬೇಕು. ಬಲೆಗೆ ಹಣ ಹೊಂದಿಸಲಾಗದವರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ನಂಥ, ಎಲೆ ಮುಟುರು ರೋಗ ತಾಳಿಕೊಳ್ಳುವ ಟೊಮೆಟೊ ತಳಿ ಹಿಡಿಯುವುದು ಜಾಣತನ. ಊರಿನಲ್ಲಿಯೇ ಇರುವ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು.

ಉಳಿದ ವಸ್ತುಗಳದು ಚಿಕ್ಕ ಮಾತು. ತಾಡಪಾಲು ಬೆಳಕು ಬಿಡದು. ಫ್ಲೆಕ್ಸ್ ಕೂಡ ಅಷ್ಟೇ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ, ಮನೆಯಲ್ಲಿ ಹಳೆಯದು ಬಿದ್ದಿದ್ದರೆ ಕುಂಡಗಳ ಕೆಳಗೆ ಹಾಸಬಹುದು. ಗೊಬ್ಬರದ ಚೀಲ ಪಾಲಿಪ್ರೊಪಿಲೀನಿನದು, ಬಿಸಿಲಿಗೆ ಪಾಲಿಥೀನಿಗಿಂತಲೂ ಬೇಗ ಪುಡಿಯಾಗುತ್ತದೆ; ಪಶ್ಚಿಮದ ಗಾಳಿಗೆ ಒಂದು ಸಾಲು ತಡೆ ಕಟ್ಟಲು ಆದೀತು. ಕಲ್ಲಂಗಡಿ ಹೊಲಗಳಲ್ಲಿ ಸಾಲಿನ ಮೇಲೆ ಹೊದಿಸುವ ಬಿಳಿ ಕ್ರಾಪ್ ಕವರ್ ತೀರ ಹಗುರ, ಚದರ ಮೀಟರಿಗೆ 20 ಗ್ರಾಂ ಆಸುಪಾಸು. ಸಸಿ ತಟ್ಟೆಗಳನ್ನು ಮೊದಲ ವಾರಗಳಲ್ಲಿ ಕಾಯಲು ಅದು ಬಹಳ ಒಳ್ಳೆಯದು. ಪಾಲಿಕಾರ್ಬೊನೇಟ್ ಹಲಗೆ ದುಬಾರಿಯಾದರೂ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು ಸಿಗುತ್ತವೆ. ಅದರ ಒಂದೇ ಮೈಗೆ ಯುವಿ ಲೇಪನವಿರುತ್ತದೆ, ಆ ಮೈ ಆಕಾಶ ನೋಡಬೇಕು. ತಿರುವುಮುರುವಾದರೆ ಹಲಗೆ ಬೇಗ ಹಳದಿಗಟ್ಟುತ್ತದೆ.

ಹೊದಿಕೆ ಎಷ್ಟು ಒಳ್ಳೆಯದಾದರೂ ಅದರ ಆಯಸ್ಸನ್ನು ನಿರ್ಧರಿಸುವುದು ಕಟ್ಟುವ ರೀತಿ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಚದರ ಮೀಟರಿಗೆ 17 ಕೆ.ಜಿ.ಯಷ್ಟು ಒತ್ತಡ ಹಾಕುತ್ತದೆ. ಆರು ಚದರ ಮೀಟರಿನ ಚಾವಣಿಗೆ ಅದು ಒಂದು ಕ್ವಿಂಟಾಲ್. ಪಕ್ಕಗಳು ತೆರೆದಿದ್ದರೆ ಆ ಬಲ ಚಾವಣಿಯನ್ನು ಮೇಲಕ್ಕೆತ್ತಲು ನೋಡುತ್ತದೆ. ಆದ್ದರಿಂದ ನಾಲ್ಕು ಮೂಲೆಯ ಕಾಲುಗಳನ್ನು ಮಣ್ಣು ತುಂಬಿದ ದೊಡ್ಡ ಡ್ರಮ್ಮುಗಳಲ್ಲಿ ನಿಲ್ಲಿಸುವುದು ಲೇಸು. ಮಾಳಿಗೆಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮಳೆಗಾಲದಲ್ಲಿ ಕೆಳಗಿನ ಕೋಣೆ ಸೋರುತ್ತದೆ. ಹಾಳೆಗೆ ನೇರ ಮೊಳೆ ಹೊಡೆಯುವುದೂ ಸಲ್ಲದು. ಮೊಳೆಯ ತೂತಿನಿಂದಲೇ ಹಾಳೆ ಹರಿಯಲು ಶುರುವಾಗುತ್ತದೆ. ಅಂಚನ್ನು ಮರದ ಪಟ್ಟಿಗೆ ಎರಡು ಸುತ್ತು ಸುತ್ತಿ, ಮೇಲೊಂದು ಪಟ್ಟಿ ಇಟ್ಟು ಬಿಗಿದರೆ ಎಳೆತ ಉದ್ದಕ್ಕೂ ಹಂಚಿಹೋಗುತ್ತದೆ.

ಹಾಳೆ ಬಿಗಿಯುವ ಹೊತ್ತೂ ಮುಖ್ಯ. ಪಾಲಿಥೀನ್ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಿಗಿದ ಮೂರು ಮೀಟರ್ ಹಾಳೆ ಮಧ್ಯಾಹ್ನಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು ಸಡಿಲಾಗಿ ಪಟಪಟ ಹೊಡೆದುಕೊಳ್ಳುತ್ತದೆ. ಬಿಸಿಲೇರಿದ, ಗಾಳಿಯಿಲ್ಲದ ಹೊತ್ತಿನಲ್ಲಿ ಬಿಗಿದರೆ ಸಂಜೆಗೆ ಅದೇ ಸೆಟೆಯುತ್ತದೆ. ಚಾವಣಿಗೆ ಮೂರಡಿಗೆ ಒಂದಡಿಯಂತೆ ಇಳಿಜಾರು ಕೊಡಬೇಕು. ನೀರು ನಿಂತರೆ ಅಪಾಯ: ಒಂದು ಮಳೆಯಲ್ಲಿ 50 ಮಿ.ಮೀ. ಸುರಿದರೆ ಆರು ಚದರ ಮೀಟರಿಗೆ ಬೀಳುವುದು 300 ಲೀಟರ್. ಇಳಿಜಾರಿದ್ದರೆ ಅಷ್ಟೂ ನೀರು ದೋಣಿ ಪೈಪಿನಲ್ಲಿ ಡ್ರಮ್ಮು ಸೇರಿ ಗಿಡಗಳಿಗೇ ಒದಗುತ್ತದೆ.

ಮೂರು ವರ್ಷ ಬಾಳಬೇಕಾದ ಹಾಳೆ ಒಂದೇ ವರ್ಷಕ್ಕೆ ಹರಿದರೆ ಎಲ್ಲಿ ಹರಿದಿದೆ ಎಂದು ನೋಡಬೇಕು. ಸಾಮಾನ್ಯವಾಗಿ ಅದು ಕಬ್ಬಿಣದ ಪೈಪಿಗೆ ತಾಗಿದ ಗೆರೆಯುದ್ದಕ್ಕೂ ಹರಿದಿರುತ್ತದೆ. ಬಿಸಿಲಿಗೆ ಕಾದ ಪೈಪು ಅಲ್ಲಿ ಹಾಳೆಯನ್ನು ಸುಡುತ್ತಿರುತ್ತದೆ. ಪೈಪಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದರೆ, ಇಲ್ಲವೇ ಬಿಳಿ ಬಟ್ಟೆ ಸುತ್ತಿದರೆ ಆ ಕಾಟ ತಪ್ಪುತ್ತದೆ. ಪಿವಿಸಿ ಪೈಪಿನ ಚೌಕಟ್ಟಾದರೂ ನಡುವೆ ಬಟ್ಟೆ ಬೇಕು, ಪಿವಿಸಿಯಿಂದ ಹೊರಬೀಳುವ ಕ್ಲೋರಿನ್ ಅಂಶ ಹಾಳೆಯ ಯುವಿ ರಕ್ಷಕಗಳನ್ನು ಕೆಡಿಸುತ್ತದೆ. ಬೂದಿರೋಗಕ್ಕೆ ಹೊಡೆಯುವ ಗಂಧಕದ ಪುಡಿಯದೂ ಇದೇ ಕಥೆ. ಗಂಧಕ ಸಿಂಪಡಿಸಲೇಬೇಕಾದರೆ ಎಲೆಗೆ ಮಾತ್ರ ಹೊಡೆದು, ಚಾವಣಿಗೆ ಸಿಡಿದದ್ದನ್ನು ಕೂಡಲೇ ತೊಳೆಯಬೇಕು.

ಹಾಳೆ ಬಿಗಿದ ದಿನವೇ ಅದರ ಮೂಲೆಯಲ್ಲಿ ಮಾರ್ಕರಿನಿಂದ ತಿಂಗಳು, ವರ್ಷ ಬರೆದಿಡುವುದು ಒಳ್ಳೆಯದು. ಮೂರನೆಯ ಬೇಸಿಗೆ ಕಳೆದ ಮೇಲೆ, ಹಾಳೆ ಇನ್ನೂ ಮೆತ್ತಗಿರುವಾಗಲೇ ಇಳಿಸಬೇಕು. ಮಡಿಚಿದರೆ ಮುರಿಯುವ ಹಂತಕ್ಕೆ ಬಂದ ಪ್ಲಾಸ್ಟಿಕ್ಕನ್ನು ಗುಜರಿಯವರೂ ಮುಟ್ಟುವುದಿಲ್ಲ. ಮೆತ್ತಗಿದ್ದ ಹಾಳೆಯನ್ನು ತೊಳೆದು ಒಣಗಿಸಿ ಕೊಟ್ಟರೆ ಒಂದೇ ಬಗೆಯ, ಬಣ್ಣವಿಲ್ಲದ ಪಾಲಿಥೀನ್ ಎಂಬ ಕಾರಣಕ್ಕೆ ಮರುಬಳಕೆಗೆ ಹೋಗುತ್ತದೆ. ಕೊಡುವ ಮೊದಲು ಗಟ್ಟಿ ಭಾಗ ನೋಡಿ ಎರಡಡಿಯ ತುಂಡುಗಳನ್ನು ಕತ್ತರಿಸಿ ಇಟ್ಟುಕೊಂಡರೆ ಸಸಿ ತಟ್ಟೆಗಳ ಮೇಲೆ ಮಳೆ ಬೀಳದಂತೆ ಮುಚ್ಚಲು ಇನ್ನೂ ಒಂದು ಮಳೆಗಾಲಕ್ಕೆ ಬರುತ್ತವೆ.